ಹತ್ತು ಷೇರಿನ ಮಾಲೀಕರು ಮತ್ತು ನಮ್ಮ ಮುಷ್ಕರ

ನಮ್ಮ ಮಾವ ಒಂದು ದೊಡ್ಡ ಕಂಪೆನಿಯ ಮಾಲೀಕರು. ನಗಬೇಡಿ! ದೇಶದ ಉದ್ದಗಲಕ್ಕೆ ಪಾರ್ಸೆಲ್ ಮುಟ್ಟಿಸುವ, ಲೆಕ್ಕವಿಲ್ಲದಷ್ಟು ವ್ಯಾನುಗಳಿರುವ ಕಂಪೆನಿ ಅದು. ಅದರಲ್ಲಿ ಅವರದು ಹತ್ತು ಷೇರು ಇದೆ. ಹತ್ತು ಸಾವಿರವೇ ಎಂದು ಹುಬ್ಬೇರಿಸಬೇಡಿ, ಬರೀ ಹತ್ತು. ಆದರೆ ಆ ಹತ್ತನ್ನು ಕೊಂಡ ಮರುದಿನದಿಂದಲೇ ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಡೆಯಲು ಶುರು ಮಾಡಿದರು. ಮಾಲೀಕರೆಂದು ಹೇಳಲು ಇನ್ನೇನು ಬೇಕು?

ಅವರು ನನ್ನ ಅಮ್ಮನ ತಮ್ಮ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಎಂದು ಓಡಾಡುವ ಖಾಸಗಿ ಬಸ್ಸಿನಲ್ಲಿ ಮೂವತ್ತೈದು ವರ್ಷ ಕಂಡಕ್ಟರ್ ಆಗಿದ್ದವರು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ, "ಟೈಮಿಂಗ್ಸ್ ಕೂಡಿ ಬರ್ಲಿಲ್ಲ ಮಾರಾಯ್ತಿ" ಎನ್ನುತ್ತಾರೆ. ಕೆಲಸ ಬಿಟ್ಟ ಮೇಲೆ ಒಂದು ಟ್ರಂಕು ಹಿಡಿದುಕೊಂಡು ಹರಿಹರಪುರದ ಹತ್ತಿರದ ನಮ್ಮ ಮನೆಗೆ ಬಂದರು. ನಾಲ್ಕು ದಿನ ಇದ್ದು ಹೋಗುತ್ತೇನೆ ಎಂದರು. ಆ ನಾಲ್ಕು ದಿನಕ್ಕೆ ಈಗ ಆರು ವರ್ಷ.

ನಮ್ಮ ಮನೆಯ ರಸ್ತೆ ಕಡೆಯ ಕೋಣೆಯೇ ಊರಿನ ಅಂಚೆ ಕಚೇರಿ. ಪೋಸ್ಟ್ ಮಾಸ್ಟರ್ ನಾನೇ. ಬಟವಾಡೆ ಮಾಡುವವರ ಜಾಗ ಖಾಲಿ ಬಿದ್ದು ವರ್ಷಗಳಾದ್ದರಿಂದ ಪೋಸ್ಟ್ ಮ್ಯಾನ್ ಕೂಡ ನಾನೇ. ಬೆಳಿಗ್ಗೆ ಸ್ಟಾಂಪು, ಉಳಿತಾಯ ಖಾತೆ, ಪಿಂಚಣಿ. ಮಧ್ಯಾಹ್ನದ ಮೇಲೆ ಸ್ಕೂಟಿ ಹೋಗುವಷ್ಟು ದೂರ ಸ್ಕೂಟಿ, ಆಮೇಲೆ ನಡಿಗೆ. ಕಾಗದದ ಪ್ರಕಾರ ನನ್ನದು ದಿನಕ್ಕೆ ಕೆಲವು ಗಂಟೆಗಳ ಕೆಲಸ. ಆ ಕಾಗದ ಬರೆದವರು ನಮ್ಮ ಗುಡ್ಡ ಹತ್ತಿ ನೋಡಿಲ್ಲ. ನನ್ನ ಗಂಡ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಹಾಗಾಗಿ ಹಗಲಿಡೀ ಮಾವನ ಮಾಲೀಕತನವನ್ನು ತಾಳಿಕೊಳ್ಳುವ ಭಾಗ್ಯ ನನ್ನೊಬ್ಬಳದು!

ಅವರು ಈ ಕಂಪೆನಿಯನ್ನೇ ಯಾಕೆ ಆರಿಸಿಕೊಂಡರು? ಅದಕ್ಕೂ ಅವರಲ್ಲಿ ಕಾರಣವಿತ್ತು.

"ನೋಡು, ಮೂವತ್ತೈದು ವರ್ಷ ಬಸ್ಸಿನ ಟಾಪ್ ಮೇಲೆ ನಾ ಎಂತೆಂತ ಸಾಗ್ಸಿಲ್ಲ! ಎನ್ನಾರ್‌ಪುರದ ಔಷಧಿ ಶೃಂಗೇರಿಗೆ, ಶೃಂಗೇರಿಯ ಲಗ್ನಪತ್ರಿಕೆ ಕೊಪ್ಪಕ್ಕೆ. ಒಂದ್ಸಲ ಬುಟ್ಟಿ ತುಂಬ ಕೋಳಿಮರಿ. ಒಂದು ರೂಪಾಯಿ ತಗೊಳ್ಲಿಲ್ಲ. ಅದನ್ನೇ ಇವ್ರು ಮಾಡಿ ಕಂಪೆನಿ ಕಟ್ಟಿದ್ದಾರೆ. ನ್ಯಾಯವಾಗಿ ಇದು ನನ್ನ ಕಂಪೆನಿನೇ!"

ಕೊಪ್ಪದ ಪರಿಚಯದವರೊಬ್ಬರು ಮೊಬೈಲಿನಲ್ಲೇ ಖಾತೆ ತೆರೆದುಕೊಟ್ಟರು. ಅಂದಿನಿಂದ ಬೆಳಿಗ್ಗೆ ಒಂಬತ್ತೂ ಕಾಲಿಗೆ ಷೇರುಪೇಟೆ ತೆರೆಯುವ ಹೊತ್ತಿಗೆ ಸರಿಯಾಗಿ ಜಗಲಿಯಿಂದ "ರೈಟ್!" ಎಂಬ ಕೂಗು. ಮಧ್ಯಾಹ್ನ ಮೂರೂವರೆಗೆ ಮುಚ್ಚುವಾಗ "ಹೋಲ್ಡಾನ್!" ನಡುವೆ ಗಂಟೆಗೊಮ್ಮೆ ವರದಿ. ಬೆಲೆ ಏರಿದರೆ "ಘಾಟಿ ಹತ್ತಾ ಇದೆ", ಇಳಿದರೆ "ನ್ಯೂಟ್ರಲ್ಲಿಗೆ ಬಿಟ್ಟಿದ್ದಾರೆ, ಡೀಸೆಲ್ ಉಳಿಸ್ಲಿಕ್ಕೆ." ಪಿಂಚಣಿ ಪಡೆಯಲು ಬಂದ ಅಜ್ಜಿಯರಿಗೂ ಈ ವರದಿಯಿಂದ ವಿನಾಯಿತಿ ಇರಲಿಲ್ಲ. ಒಬ್ಬರು ಪಾಪ, "ಯಾವ ಬಸ್ಸು ಇದು? ನಮ್ಮೂರ ಕಡೆ ಬತ್ತದಾ?" ಎಂದು ಕೇಳಿ ಅರ್ಧ ಗಂಟೆ ಕಾದರು!

ಕಂಪೆನಿಯ ಪಾರ್ಸೆಲ್ ತರುವವನು ರಮೇಶ ಎಂದು. ನಲವತ್ತು ದಾಟಿದ, ಮೀಸೆ ಅರ್ಧ ಬೆಳ್ಳಗಾದ ಮನುಷ್ಯ. ಮೊದಲು ಆಟೋ ಓಡಿಸುತ್ತಿದ್ದ. ರಸ್ತೆ ಬದಿಯ ಮನೆಗಳಿಗೆ ಅವನೇ ಬೈಕಿನಲ್ಲಿ ಮುಟ್ಟಿಸುತ್ತಾನೆ. ಅವನ ಬೈಕು ಮೊದಲ ಸಲ ನಮ್ಮ ಮನೆ ಮುಂದೆ ನಿಂತಾಗ ಮಾವ ಬೆನ್ನ ಹಿಂದೆ ಕೈ ಕಟ್ಟಿಕೊಂಡು ಇಳಿದು ಹೋದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹಿಂದಿನ ಚಕ್ರವನ್ನು ಒತ್ತಿ ನೋಡಿದರು.

"ಟೈರ್ ಸವೆದಿದೆ."

"ಹೌದು. ನೀವು ಯಾರು?"

"ಓನರ್."

ರಮೇಶ ಹೆದರಿ ಬೈಕಿನಿಂದ ಇಳಿದ. "ಈ ಬೈಕಿನದ್ದಾ ಸಾರ್? ನಾ ಸೆಕೆಂಡ್ ಹ್ಯಾಂಡ್ ತಗೊಂಡದ್ದು, ಪೇಪರೆಲ್ಲ ಸರಿ ಇದೆ!"

ಕೊನೆಗೆ ನಾನೇ ಹೊರಗೆ ಬಂದು ವಿಷಯ ತಿಳಿಸಬೇಕಾಯಿತು. ಅಷ್ಟಕ್ಕೂ ರಮೇಶ ಬಂದದ್ದು ವಿಳಾಸ ಕೇಳಲು. ಪಾರ್ಸೆಲ್ ಮೇಲೆ "ಜಯಮ್ಮ, ಹೊಳೆ ಹತ್ತಿರ" ಎಂದಷ್ಟೇ ಇತ್ತು. ನಮ್ಮ ಕಡೆ ಹೊಳೆ ಹತ್ತಿರ ಇಲ್ಲದ ಜಯಮ್ಮ ಯಾರಿದ್ದಾರೆ ಹೇಳಿ!

ಇನ್ನು ಕಂಪೆನಿಯ ವಾರ್ಷಿಕ ಸಭೆ. ಒಂದು ಷೇರು ಇದ್ದವರೂ ಮೊದಲೇ ಹೆಸರು ಕೊಟ್ಟರೆ ಮೊಬೈಲಿನಲ್ಲೇ ಮೂರು ನಿಮಿಷ ಮಾತಾಡಬಹುದಂತೆ. ಮಾವ ಕೊಟ್ಟರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ನೆಟ್‌ವರ್ಕ್ ಮಾತಾಡುವಷ್ಟು ಸಿಗುವ ಒಂದೇ ಜಾಗವಾದ ಮೇಲಿನ ತಿರುವಿಗೆ ಹೋಗಿ ಮೋರಿ ಕಟ್ಟೆಯ ಮೇಲೆ ನಿಂತರು. ಪಕ್ಕದಲ್ಲಿ ರಸ್ತೆಗೆ ಜಲ್ಲಿ ಹಾಕುವವರು ಬುತ್ತಿ ಬಿಚ್ಚಿ ಕೂತಿದ್ದರು. ಮಾವ ಭಾಷಣ ಶುರು ಮಾಡಿದರು. ಪಾರ್ಸೆಲನ್ನು ಗೇಟಿನಾಚೆಯಿಂದ ಎಸೆಯಬಾರದು, ಮುದುಕರ ಮನೆಯಲ್ಲಿ ಎರಡು ಸಲ ಕೂಗಬೇಕು, ರಮೇಶನಿಗೆ ಟೈರ್ ಕೊಡಿಸಬೇಕು. ಹನ್ನೊಂದು ನಿಮಿಷ! ಜಲ್ಲಿ ಹಾಕುವವರು ಚಪ್ಪಾಳೆ ಹೊಡೆದರು. ಮಾವ ಕೈ ಮುಗಿದು ಮೊಬೈಲ್ ನೋಡಿದರೆ, "ಅಧ್ಯಕ್ಷರೇ" ಎಂದಲ್ಲಿಗೇ ಸಂಪರ್ಕ ಕಡಿದಿತ್ತು.

"ಪರವಾಗಿಲ್ಲ," ಎಂದರು ಮನೆಗೆ ಬಂದು, "ಆಕ್ಷೇಪಣೆ ಯಾರೂ ಎತ್ತಲಿಲ್ಲ."

ಹೀಗಿರುವಾಗ ನಮ್ಮ ಮುಷ್ಕರ ಬಂತು. ಹಳ್ಳಿ ಅಂಚೆಯ ನಾವೆಲ್ಲ, ದೇಶದಾದ್ಯಂತ, ಅನಿರ್ದಿಷ್ಟ ಕಾಲ. ಪೂರ್ತಿ ದಿನದ ಕೆಲಸವೆಂದು ಒಪ್ಪಿಕೊಳ್ಳಿ, ಮುಪ್ಪಿಗೆ ಪಿಂಚಣಿ ಕೊಡಿ ಎಂಬ ಹಳೆಯ ಬೇಡಿಕೆಯೇ. ಇಪ್ಪತ್ತೆರಡು ವರ್ಷದಲ್ಲಿ ನನಗಿದು ಎಷ್ಟನೆಯ ಮುಷ್ಕರವೋ ಮರೆತಿದೆ. ಊರಿನವರ ಪಿಂಚಣಿಯನ್ನು ಎಣಿಸಿ ಕೊಡುವವಳು ನಾನು, ನನಗೇ ಅದಿಲ್ಲ. ಸಿಟ್ಟು ಬರಬೇಕಾದ ವಿಷಯ, ನಿಜ. ಆದರೆ ಸಿಟ್ಟಿಗೂ ತ್ರಾಣ ಬೇಕಲ್ಲ?

ಬೀಗ ಹಾಕಿ, ಬೋರ್ಡಿನ ಮೇಲೆ ಚೀಟಿ ಅಂಟಿಸುತ್ತಿದ್ದಾಗ ಮಾವ ಬಂದು ನಿಂತರು. ಮುಖ ಹಬ್ಬದ ಹಾಗಿತ್ತು.

"ಎಷ್ಟು ದಿನ?"

"ಗೊತ್ತಿಲ್ಲ ಮಾವ."

"ಹತ್ತು ದಿನ ಆದ್ರೂ ಎಳೀರಿ! ಅಂಚೆ ನಿಂತ್ರೆ ಜನ ಎಲ್ಲಿಗೆ ಹೋಗ್ತಾರೆ? ನಮ್ಮ ಕಂಪೆನಿಗೆ! ಎದುರುಗಡೆ ಬಸ್ಸು ಕೆಟ್ಟು ನಿಂತ್ರೆ ನಮ್ಮ ಬಸ್ಸು ಫುಲ್ ಅಲ್ವಾ?"

ಮನೆಯವಳ ಸಂಬಳ ನಿಂತರೆ ಅದೇ ಮನೆಯಲ್ಲಿರುವ ಕಂಪೆನಿ ಮಾಲೀಕರಿಗೆ ಲಾಭ! ಇಂಥ ಲೆಕ್ಕ ನೀವು ಕೇಳಿದ್ದೀರಾ?

ಮರುದಿನ ಕೊಪ್ಪದ ಅಂಚೆ ಕಚೇರಿಯೆದುರು ನಾವು ಶಾಮಿಯಾನದ ಕೆಳಗೆ ಕೂತಿದ್ದೆವು. ಹನ್ನೊಂದರ ಬಸ್ಸಿನಿಂದ ಮಾವ ಇಳಿದರು. ಬಸ್ಸಿನಲ್ಲಿ ಪಳಗಿದ ಗಂಟಲು, ಮೈಕು ಬೇಡ. "ಹಿಂದೆ ಸರೀಬೇಡಿ! ಒಂದು ವಾರಕ್ಕೆಲ್ಲ ಬಗ್ಗಬೇಡಿ! ತಿಂಗಳು ಆದ್ರೂ ಆಗ್ಲಿ!" ಎಂದು ಗುಡುಗಿದರು. ನಮ್ಮ ಮುಖಂಡರ ಕಣ್ಣು ತುಂಬಿತು. ಹಾರ ಹಾಕಿದರು. "ಇಂಥ ಹಿರಿಯರ ಬೆಂಬಲ ಇರುವಾಗ ನಮಗೆ ಭಯವೇ?" ಎಂದರು. ನಾನು ತಲೆ ಬಗ್ಗಿಸಿ ಜಮಖಾನದ ನೂಲು ಕೀಳುತ್ತಾ ಕೂತೆ. ಹಾರದ ಹಿಂದೆ ಹತ್ತು ಷೇರಿದೆ ಎಂದು ಅವರಿಗೆ ಹೇಗೆ ಹೇಳಲಿ?

ಎರಡು ದಿನ ಷೇರು ಏರಿತು. ಮಾವ ಶಾಮಿಯಾನಕ್ಕೆ ಜಿಲೇಬಿ ತಂದು ಹಂಚಿದರು. ಮೂರನೆಯ ದಿನ ಏರಲಿಲ್ಲ. ನಾಲ್ಕನೆಯ ದಿನ ಇಳಿಯಿತು. ಆಮೇಲೂ, ಶನಿವಾರ ಭಾನುವಾರದ ರಜೆ ಬಿಟ್ಟರೆ, ಇಳಿಯುತ್ತಲೇ ಹೋಯಿತು. ಬೆಳಗಿನ "ರೈಟ್" ಕ್ಷೀಣವಾಯಿತು. ಎಂಟನೆಯ ದಿನ ಇಲ್ಲವೇ ಇಲ್ಲ.

"ಎಂತ ಆಯ್ತು ಮಾರಾಯ್ತಿ? ಎದುರು ಬಸ್ಸು ನಿಂತಿದೆ, ನಮ್ದೂ ಓಡ್ತಾ ಇಲ್ಲ!"

ಸ್ವತಃ ನೋಡಿ ಬರುತ್ತೇನೆಂದು ಬಾಳಗಡಿಯಲ್ಲಿದ್ದ ಕಂಪೆನಿಯ ಗೋದಾಮಿಗೆ ಹೋದರು. ಅಲ್ಲಿ ಛಾವಣಿ ಮುಟ್ಟುವ ಹಾಗೆ ಪಾರ್ಸೆಲ್ ರಾಶಿ. ಅದರ ಬುಡದಲ್ಲಿ ರಮೇಶ ಕೂತು ಬೀಡಿ ಹಚ್ಚಿದ್ದನಂತೆ.

"ಎಂತಕ್ಕೆ ಕೂತಿದ್ದೀಯ? ಹಂಚು!" ಎಂದರಂತೆ ಮಾಲೀಕರು.

"ಎಲ್ಲಿ ಹಂಚ್ಲಿ ಸಾರ್? ಇದೆಲ್ಲ ಒಳಗಿನ ಹಳ್ಳಿದು. ರೋಡ್ ಮುಗಿಯೋ ತನಕ ಮಾತ್ರ ನಾವು. ಆಮೇಲಿಂದೆಲ್ಲ ಅಂಚೆಯವ್ರಿಗೆ ಕೊಡೋದು, ಅವ್ರು ಮುಟ್ಟಿಸೋದು. ನಿಮ್ಮ ಮನೆಯವ್ರೇ ಅಲ್ವಾ?"

ಸತ್ಯ ಅದು. ಆ ಕಂಪೆನಿಯ ಚೀಟಿ ಅಂಟಿಸಿದ ಪಾರ್ಸೆಲುಗಳು ವಾರಕ್ಕೆ ಹತ್ತಿಪ್ಪತ್ತು ನನ್ನ ಚೀಲದಲ್ಲೇ ಬರುತ್ತಿದ್ದವು. ಮಾವ ಅದನ್ನು ದಿನಾ ನೋಡುತ್ತಿದ್ದರು. "ನಮ್ಮ ಕಂಪೆನಿ ನಿನಗೂ ಸ್ವಲ್ಪ ಕೆಲ್ಸ ಕೊಟ್ಟಿದೆ" ಎಂದು ಉದಾರವಾಗಿ ಹೇಳಿಯೂ ಇದ್ದರು! ನಾವು ಕೂತದ್ದರಿಂದ ಹಳ್ಳಿ ಪಾರ್ಸೆಲ್ ದೇಶದಾದ್ಯಂತ ಕೊಳೆಯುತ್ತಿದೆ, ಕೊಂಡವರು ದುಡ್ಡು ವಾಪಸ್ ಕೇಳುತ್ತಿದ್ದಾರೆ ಎಂಬ ಸುದ್ದಿ ಪೇಟೆಗೆ ಮುಟ್ಟಿತ್ತು. ದೊಡ್ಡ ದೊಡ್ಡವರು ಷೇರು ಮಾರಿ ಹೊರಟಿದ್ದರು.

ಆ ಸಂಜೆ ಮಾವ ನನ್ನೆದುರು ಬಂದು ಕೂತರು.

"ಮುಷ್ಕರ ನಿಲ್ಸಕ್ಕೆ ಆಗಲ್ವಾ?"

"ತಿಂಗಳು ಆದ್ರೂ ಆಗ್ಲಿ ಅಂದವ್ರು ಯಾರು?"

"ಅದು ಭಾಷಣ ಮಾರಾಯ್ತಿ."

ನನಗೆ ನಗು ಬರಬೇಕಿತ್ತು. ಎಂಟು ದಿನ ಶಾಮಿಯಾನದ ಸೆಕೆಯಲ್ಲಿ ಕೂತು ಬಂದವಳಿಗೆ ನಗಲೂ ಸುಸ್ತು. "ಮಾವ, ನಿಮ್ಮ ಹತ್ತು ಷೇರಿಗೋಸ್ಕರ ಅಷ್ಟೂ ಜನ ಎದ್ದು ಹೋಗ್ಬೇಕಾ?" ಎಂದೆ. ದನಿ ಗಡುಸಾಗಿಯೇ ಬಂದಿರಬೇಕು. ಅವರು ಎದ್ದು ಹೋದರು. ಮರುದಿನ ಬೆಳಿಗ್ಗೆ ನೋಡಿದರೆ ಮನೆಯಲ್ಲಿಲ್ಲ.

ಮುಷ್ಕರದ ಕತೆ ಹೇಗೆ ಮುಗಿಯಿತು ಎಂದರೆ, ಹನ್ನೆರಡನೆಯ ದಿನ ಮಾತುಕತೆಯಾಯಿತು. ಒಂದೆರಡು ಸಣ್ಣ ಬೇಡಿಕೆ ಒಪ್ಪಿದರು, ಪಿಂಚಣಿಗೆ ಸಮಿತಿ ಮಾಡುತ್ತೇವೆ ಎಂದರು. ನಾವು ಜಮಖಾನ ಮಡಚಿದೆವು. ಷೇರು ಸಹ ನಿಧಾನಕ್ಕೆ ಮೊದಲಿದ್ದಲ್ಲಿಗೆ ಬಂತು. ಯಾರಿಗೂ ಹೆಚ್ಚೇನೂ ಆಗಲಿಲ್ಲ. ಆದರೆ ನನಗೆ ಹೇಳಬೇಕಾದದ್ದು ಮಾವ ಮನೆಯಲ್ಲಿಲ್ಲದ ಆ ಒಂಬತ್ತನೆಯ ದಿನದ್ದು.

ಅವರು ಬಾಳಗಡಿಗೆ ಹೋಗಿದ್ದರು. ರಾಶಿಯಲ್ಲಿ ನಮ್ಮೂರ ಕಡೆಯದನ್ನು ಹುಡುಕಿ, ಔಷಧಿಯಿದ್ದ ಏಳೆಂಟು ಪಾರ್ಸೆಲ್ ತೆಗೆಸಿ, ರಮೇಶನ ಬೈಕಿನ ಹಿಂದೆ ಕೂತು ಹಂಚಲು ಹೊರಟಿದ್ದರು. ಬೈಕು ನಿಂತಲ್ಲಿಂದ ಮುಂದೆ ಇಬ್ಬರೂ ನಡೆದೇ ಹೋಗಿದ್ದಾರೆ.

ಸಂಜೆಯ ಬಸ್ಸಿಗೆ ನಾನು ಕೊಪ್ಪದಿಂದ ಮರಳಿದಾಗ ಮಾವ ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದರು. ಪಂಚೆಯ ತುಂಬ ಕಾಡುದಾರಿಯ ಉತ್ರಾಣಿ ಮುಳ್ಳು. ವಿಷಯ ಕೇಳಿದ್ದೇ ನನಗೆ ಮುಷ್ಕರ ಮುರಿದ ಹಾಗಾಯಿತೇ ಎಂಬ ಚಿಂತೆ.

"ನಮ್ಮ ಅಂಚೆ ಚೀಲ ಮುಟ್ಟಿಲ್ಲ ತಾನೆ?"

"ಇಲ್ಲ. ಕಂಪೆನಿ ಗೋದಾಮಿಂದು ಮಾತ್ರ. ನಾನೂ ಯೂನಿಯನ್‌ನಲ್ಲಿ ಇದ್ದವನೇ, ಅಷ್ಟು ಗೊತ್ತಿಲ್ವಾ?"

ಪಂಚೆಯಿಂದ ಒಂದೊಂದೇ ಮುಳ್ಳು ಕೀಳತೊಡಗಿದರು.

"ಆ ಗುಡ್ಡದ ಮೇಲಿನ ಮನೆ ಇದೆಯಲ್ಲ," ಎಂದರು. "ಮೂವತ್ತೈದು ವರ್ಷ ಬಸ್ಸಿಂದ ಕಂಡದ್ದು. ಇಲ್ಲೇ ಇದೆ, ಕೂಗಿದ್ರೆ ಕೇಳತ್ತೆ ಅನ್ಕೊಂಡಿದ್ದೆ. ಹತ್ತಿ ಮುಟ್ಟೋಕೆ ಒಂದೂವರೆ ಗಂಟೆ. ಅಲ್ಲಿಯ ಅಜ್ಜಿ ಪಾರ್ಸೆಲ್ ಮುಟ್ಟಲೇ ಇಲ್ಲ. ಪೋಸ್ಟಮ್ಮ ಎಲ್ಲಿ, ಅವಳಿಗೆ ಹುಷಾರಿಲ್ವಾ, ಅವಳು ತಂದ್ರೆ ಮಾತ್ರ ತಗೋತೀನಿ ಅಂತು. ನಾನು ಅವಳ ಮಾವ ಅಂದ ಮೇಲೆ ಬಾಗಿಲು ತೆಗೀತು. ಓನರ್ ಅಂದ್ರೆ ತೆಗೀತಿರ್ಲಿಲ್ಲ."

ನಾನು ನಕ್ಕೆ. ಅವರು ನಗಲಿಲ್ಲ. ಎದ್ದು, ಕುಂಟುತ್ತಾ ಒಳಗೆ ಹೋದರು. ಬಚ್ಚಲಿನಿಂದ ಹಬೆಯಾಡುವ ನೀರಿನ ಬೋಗುಣಿ ಹಿಡಿದು ತಂದರು. ಅವರ ಪಾದ ಎರಡೂ ಊದಿ, ಹಿಮ್ಮಡಿಯ ಚರ್ಮ ಎದ್ದಿತ್ತು. ಪಾಪ, ತಾವೇ ನೀರು ಕಾಯಿಸಿಕೊಂಡಿದ್ದಾರೆ ಅಂದುಕೊಂಡೆ. ಆದರೆ ಅವರು ಬೋಗುಣಿಯನ್ನು ನನ್ನ ಮುಂದೆ ಇಟ್ಟು, ಒಂದು ಹಿಡಿ ಕಲ್ಲುಪ್ಪು ಹಾಕಿ, ಕೈಯಿಂದ ಕಲಕಿ ಬಿಸಿ ನೋಡಿದರು.

"ಕಾಲಿಡು."

"ನಾ ಇವತ್ತು ಎಲ್ಲೂ ನಡೆದಿಲ್ಲ ಮಾವ. ಇಡೀ ದಿನ ಶಾಮಿಯಾನದಲ್ಲಿ ಕೂತಿದ್ದೆ."

"ಇವತ್ತಿಂದಕ್ಕಲ್ಲ ಮಾರಾಯ್ತಿ," ಎಂದರು ಮಾವ. "ಇಡು."