ಕುತ್ತಿಗೆಗೆ ಬಂದ ಗೇರು

ಜ್ವರಕ್ಕೆ ಒಂದು ಮರ್ಯಾದೆ ಇದೆ. ಕಂಬಳಿ ಹೊದ್ದು ಮಲಗಿದರೆ ನಾಲ್ಕು ಜನ ಬಂದು ಹಣೆ ಮುಟ್ಟಿ ನೋಡುತ್ತಾರೆ. ಹಲ್ಲುನೋವಿಗೂ ಅಯ್ಯೋ ಪಾಪ ಎನ್ನುವವರಿದ್ದಾರೆ. ತುರಿಕೆಗೆ ಮಾತ್ರ ಯಾರೂ ಇಲ್ಲ. ಎದುರಿಗಿದ್ದವನು ಕೆರೆದುಕೊಳ್ಳತೊಡಗಿದರೆ ನಾವು ಮೊದಲು ಮಾಡುವ ಕೆಲಸ ಸ್ವಲ್ಪ ಆಚೆ ಸರಿದು ಕೂರುವುದು. ನಾನೂ ಹಾಗೆ ಸರಿಯುತ್ತಿದ್ದವನೇ. ಆ ಸೊಕ್ಕು ಇಳಿದದ್ದು ನಾನು ಹೆಣ್ಣು ನೋಡಲು ಹೋಗಬೇಕಿದ್ದ ವಾರ.

ಆಗ ಒಂಟಿಕೊಪ್ಪಲಿನ ಬಾಡಿಗೆ ಮನೆಯಲ್ಲಿ ನಾನು, ಅವ್ವ ಇಬ್ಬರೇ. ನನಗೆ ಕಚೇರಿಯಲ್ಲಿ ಗುಮಾಸ್ತೆ ಕೆಲಸ. ಹಿಂದೆ ನೋಡಿದ್ದ ಹೆಣ್ಣುಗಳ ಕಡೆಯವರಲ್ಲಿ ಒಬ್ಬರು ಹುಡುಗ ತೀರಾ ಪೀಚು ಎಂದಿದ್ದರು. ಇನ್ನೊಬ್ಬರು ಉಪ್ಪಿಟ್ಟು ಕೊಟ್ಟು ಸುಮ್ಮನಾಗಿಬಿಟ್ಟಿದ್ದರು. ಈ ಚಾಮುಂಡಿಪುರದ ಸಂಬಂಧವೂ ತಪ್ಪಿದರೆ ಮದುವೆಯ ಮಾತೇ ಬೇಡ ಎಂದುಕೊಂಡಿದ್ದೆ. ಅದಕ್ಕೆಂದೇ ಬಿಳಿ ಪಾಪ್ಲಿನ್ ಅಂಗಿ ಹೊಲಿಸಿ, ಗಂಜಿ ಹಾಕಿ ಇಸ್ತ್ರಿ ಮಾಡಲು ಮಡಿವಾಳರಿಗೆ ಕೊಟ್ಟೆ. ಬಂದ ಅಂಗಿಯನ್ನು ತೊಟ್ಟು ನೋಡಿದರೆ ಕನ್ನಡಿಯಲ್ಲಿ ಎಷ್ಟು ಚೆನ್ನಾಗಿ ಕಂಡೆನೆಂದರೆ ಅದರಲ್ಲೇ ಕಚೇರಿಗೂ ಹೋಗಿಬಂದೆ. ಮರುದಿನ ಕತ್ತಿನ ಹಿಂದೆ ನವೆ, ಅದರ ಮರುದಿನ ಕೆಂಪು ಬೊಕ್ಕೆ.

"ಅಮ್ಮ ಬಂದವ್ಳೆ ಕಣೋ," ಎಂದು ಅವ್ವ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಒಗ್ಗರಣೆ ನಿಲ್ಲಿಸಿದಳು. ಅಮ್ಮ ಬಂದ ಮನೆಯಲ್ಲಿ ಸಾಸಿವೆ ಸಿಡಿಯಬಾರದು. ಹುಡುಗ ಹೊಸಲು ದಾಟಿ ಹೆಣ್ಣು ನೋಡುವುದಂತೂ ದೂರದ ಮಾತು. ನಾನು ಬೇಡಿಕೊಂಡ ಮೇಲೆ ಪಕ್ಕದ ಮನೆಯ ಪುಟ್ಟತಾಯಮ್ಮ ಬಂದು ಪರೀಕ್ಷಿಸಿದರು. "ಅಮ್ಮ ಆದ್ರೆ ಮೈಯೆಲ್ಲಾ ಬರ್ತಾಳೆ ಕಣಕ್ಕ. ಇದು ಸರ್ಪಸುತ್ತು. ತಲೆ ಬಾಲ ಕೂಡ್ಕೊಂಡ್ರೆ ಮುಗೀತು."

ಸದ್ಯ, ಒಗ್ಗರಣೆ ವಾಪಸು ಬಂತಲ್ಲ ಎಂದು ಮೊದಲು ಖುಷಿಯಾಯಿತು. ಮುಗಿಯುವುದು ಏನೆಂದು ಆಮೇಲೆ ಹೊಳೆಯಿತು. ಅವ್ವ ಕತ್ತಿಗೆ ಕೆಮ್ಮಣ್ಣು ಮೆತ್ತಿ, ಬೆಳಗಾದರೆ ಗಂಟಲ ಮೇಲೆ ಬೆರಳಿಟ್ಟು ಅಳೆಯತೊಡಗಿದಳು. "ಎದ್ರುಕೋಬ್ಯಾಡ, ಇನ್ನೂ ನಾಕು ಬೆಟ್ಟು ಜಾಗ ಅದೆ," ಎನ್ನುವಳು. ನನ್ನ ಆಯಸ್ಸು ನಾಲ್ಕು ಬೆಟ್ಟಿನಷ್ಟು ಎಂದು ಕೇಳಿಕೊಂಡು ಕಚೇರಿಗೆ ಹೋಗುವವನ ಪಾಡು ಯಾರಿಗೂ ಬೇಡ. ಹಳೆಯ ಅಂಗಿಗಳಲ್ಲೇ ವಾರ ಕಳೆಯಿತು. ನವೆ ತಗ್ಗಿತು, ಕೆಮ್ಮಣ್ಣಿಗೆ ಹೆಸರು ಬಂತು. ಭಾನುವಾರ ಮಣ್ಣಿನ ಮೇಲೆಯೇ ಅದೇ ಹೊಸ ಅಂಗಿ ತೊಟ್ಟು, ಅವ್ವನೊಡನೆ ಜಟಕಾ ಹತ್ತಿದೆ.

ಚಾಮುಂಡಿಪುರ ಸೇರುವಷ್ಟರಲ್ಲಿ ಬೆವರಿಗೆ ಕತ್ತು ಮತ್ತೆ ಉರಿಯತೊಡಗಿತ್ತು. ಹುಡುಗಿ ನಾಗರತ್ನ ಕಾಫಿ ತಂದಾಗ ನಾನು ತಲೆ ತಗ್ಗಿಸಿ, ಕೈ ಕತ್ತಿಗೆ ಹೋಗದಂತೆ ತಡೆಯುತ್ತಿದ್ದೆ. ತಡೆಯಲಾಗಲಿಲ್ಲ, ಕೆರೆದೆ. ಬಿಳಿ ಕತ್ತುಪಟ್ಟಿಯ ಮೇಲೆ ಕೆಂಪು ನೀರು ಇಳಿಯಿತು. ಅವಳ ತಂದೆ ರಕ್ತವೆಂದು ಎದ್ದು ನಿಂತರು. ಅವ್ವ ಸರ್ಪಸುತ್ತಿನ ವಿಷಯ ಬಾಯಿಬಿಟ್ಟಳು. ಅಲ್ಲಿಗೆ ನನ್ನ ಮದುವೆ ಮುರಿಯಿತು ಎಂದೇ ಅಂದುಕೊಂಡೆ, ಅಳು ಬಂತು.

ನಾಗರತ್ನ ಹತ್ತಿರ ಬಂದು ನನ್ನ ಕತ್ತುಪಟ್ಟಿಯ ಒಳಗೆ ಇಣುಕಿದಳು. "ಅಪ್ಪಾಜಿ, ಸರ್ಪನೂ ಇಲ್ಲ ಏನೂ ಇಲ್ಲ. ಮಡಿವಾಳರು ಹೊಸದಾಗಿ ಹಾಕಿರೋ ಗೇರು ಗುರುತು ಕಣ್ರೀ. ಅಣ್ಣಂಗೂ ಇಂಗೇ ಆಗಿತ್ತಲ್ಲ. ಮೊದ್ಲು ಅಂಗಿ ಬಿಚ್ಚಕ್ಕೇಳಿ."

ಯಾವ ಬಟ್ಟೆ ಯಾವ ಮನೆಗೆ ವಾಪಸು ಹೋಗಬೇಕೆಂದು ತಿಳಿಯಲು ಮಡಿವಾಳರು ಕಾಡುಗೇರಿನ ಕಾಯಿಯ ಕಪ್ಪು ರಸದಿಂದ ಗುರುತು ಹಾಕುತ್ತಾರೆ. ಒಗೆದರೂ ಹೋಗದು, ಹಸಿಯಿದ್ದಾಗ ಕೆಲವರ ಮೈಗೆ ಆಗದು. ಹೀಗೆ ಹೆಣ್ಣು ನೋಡಲು ಹೋದ ನಾನು ಬರಿಮೈಯಲ್ಲಿ ಅವರ ಬಚ್ಚಲಲ್ಲಿ ಕೂತೆ. ಸೀಗೆಪುಡಿಯಲ್ಲಿ ಕತ್ತು ತೊಳೆಸಿ, ಕೊಬ್ಬರಿ ಎಣ್ಣೆ ಹಚ್ಚಿಸಿ, ನನ್ನಂಥ ಇಬ್ಬರು ಹಿಡಿಯುವ ತಮ್ಮ ಅಂಗಿಯೊಂದನ್ನು ಅವಳ ತಂದೆ ತೊಡಿಸಿ ಕಳಿಸಿದರು.

ಜಟಕಾದಲ್ಲಿ ಅವ್ವ ಕೇಳಿದಳು, "ಹುಡ್ಗಿ ಎಂಗವ್ಳೋ?"

"ಮುಖ ನೋಡ್ಲೇ ಇಲ್ಲ ಕಣವ್ವ."

"ಅಂಗಿ ವಾಪಸ್ ಕೊಡಕ್ಕೆ ಓಗ್ಬೇಕಲ್ಲ, ಆಗ ನೋಡ್ಬುಡು."

ಮನೆಗೆ ಬಂದು ಬಿಚ್ಚಿ ನೋಡಿದರೆ ಆ ಅಂಗಿಯ ಕತ್ತುಪಟ್ಟಿಯಲ್ಲೂ ಒಂದು ಗುರುತು. ಹಳೆಯದು, ಮೈಗೆ ಏನೂ ಮಾಡದ್ದು. ಅವರ ಮನೆಯ ಬಟ್ಟೆಗಳ ಗುರುತು. ಅದನ್ನು ಕತ್ತಿನ ಮೇಲೆ ಹೊತ್ತು ಬಂದವನು ಮತ್ತೆ ಯಾವ ಮನೆಗೆ ಹೋದನೆಂದು ಬೇರೆ ಹೇಳಬೇಕಿಲ್ಲ. ಈಗಲೂ ನಾನು ಕತ್ತಿಗೆ ಕೈ ಹಾಕಿದರೆ ಸಾಕು, ಒಳಗಿನಿಂದ ನಾಗರತ್ನಳ ದನಿ ಬರುತ್ತದೆ: "ಅಂಗಿ ಬಿಚ್ಚಿ, ನೋಡ್ತೀನಿ." ಬಿಚ್ಚುತ್ತೇನೆ.