ಬೆಂಚಿನಿಂದ ಮೈದಾನಕ್ಕೆ ಎಷ್ಟು ಬೆರಳು?

ಹನ್ನೊಂದು ಜನರ ಆಟಕ್ಕೆ ಹದಿನೈದು ಜನರನ್ನು ಸಂಬಳಕ್ಕೆ ಇಟ್ಟುಕೊಳ್ಳುವ ತನಕ ಇಂಥವು ನಡೆಯುತ್ತಲೇ ಇರುತ್ತವೆ. ಎಂಬತ್ತರ ದಶಕದಲ್ಲಿ ನಾನು ಶಿಡ್ಲಘಟ್ಟದ ಒಂದು ರೇಷ್ಮೆ ಕಾರ್ಖಾನೆಯ ಫುಟ್‌ಬಾಲ್ ಕ್ಲಬ್ಬಿನಲ್ಲಿದ್ದೆ. ಕಾಲು ಚೆನ್ನಾಗಿದೆ ಎಂದು ಕರೆದು ಕೆಲಸ ಕೊಟ್ಟಿದ್ದರು. ಬೆಳಗ್ಗೆ ನೂಲು ಹುರಿ ಮಾಡುವ ಮೆಷೀನಿನ ಮುಂದೆ, ಸಂಜೆ ಚೆಂಡಿನ ಹಿಂದೆ. ಆದರೆ ಕೆಲಸ ಟೆಂಪರರಿ. ಮ್ಯಾಚ್ ದಿನ ನಾನಿರುತ್ತಿದ್ದದ್ದು ಮೈದಾನದ ಅಂಚಿನ ಹಲಗೆಯ ಮೇಲೆ. ಆ ವರ್ಷ ನಾನು ಹೆದರಿದಷ್ಟು ಜೀವಮಾನದಲ್ಲಿ ಹೆದರಿಲ್ಲ. ಈಗ ನಗು ಬರುತ್ತದೆ, ನಿಜ. ಆಗ ಊಟ ಸೇರುತ್ತಿರಲಿಲ್ಲ.

೧. ಕಾಯಿಲೆಯವರು

ಕಾರ್ಖಾನೆಯ ಸಾಹುಕಾರರಿಗೆ ಫುಟ್‌ಬಾಲಿನ ಗಂಧಗಾಳಿ ಇರಲಿಲ್ಲ. ಚಿಂತಾಮಣಿಯ ಎಣ್ಣೆ ಮಿಲ್ಲಿನವರೊಬ್ಬರು ಟೀಮು ಕಟ್ಟಿದರು ಎಂಬ ಒಂದೇ ಕಾರಣಕ್ಕೆ ಇವರೂ ಕಟ್ಟಿದ್ದರು. ಸೀಸನ್ನಿನ ಮೊದಲ ಮ್ಯಾಚಿಗೆ ಕೊಡೆ ಹಿಡಿದುಕೊಂಡು ಬಂದವರು ಹಲಗೆಯ ಮೇಲೆ ಕೂತಿದ್ದ ನಮ್ಮ ನಾಲ್ವರನ್ನು ನೋಡಿ ನಿಂತುಬಿಟ್ಟರು.

"ಇವರಿಗೇನು ಕಾಯಿಲೆ?"

ನಮ್ಮ ಮ್ಯಾನೇಜರು ಕೈ ಹೊಸೆಯುತ್ತಾ, "ಕಾಯಿಲೆ ಏನಿಲ್ಲ ಸಾಮಿ, ರಿಸರ್ವ್ ಆಟಗಾರರು" ಎಂದರು.

"ಕಾಯಿಲೆ ಇಲ್ದೆ ಕೂತವ್ರಾ? ಕೂರಕ್ಕೆ ನಾನು ಸಂಬಳ ಕೊಡ್ತಿದೀನಾ?"

ಅಲ್ಲೇ ನಿಂತು ಒಂದು ಕಾನೂನು ಮಾಡಿದರು. ಸೀಸನ್ನಿನ ಕೊನೆಯ ಮ್ಯಾಚು ಮುಗಿದಾಗ ಯಾರು ಮೈದಾನದ ಒಳಗಿರುತ್ತಾರೋ ಅವರ ಕೆಲಸ ಖಾಯಂ. ಹೊರಗೆ ಕೂತಿರುವವರು ಹೊರಗೇ.

ಹೊರಗೆ ಎಂದರೆ ಎಲ್ಲಿಗೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಚಿಕ್ಕಪ್ಪನ ಮನೆಯ ಹಿತ್ತಲಿಗೆ, ಕುದಿಯುವ ನೀರಿನ ತೊಟ್ಟಿಯ ಮುಂದೆ. ಅದರಲ್ಲಿ ರೇಷ್ಮೆಗೂಡು ಹಾಕಿ ಬೆರಳಿನಿಂದ ಎಳೆ ಹುಡುಕಬೇಕು. ಚಿಕ್ಕಪ್ಪನ ಬೆರಳ ತುದಿಗಳು ಸದಾ ಬೆಂದು ಬಿಳಿಚಿಕೊಂಡಿರುತ್ತಿದ್ದವು. ಅವರು ನನ್ನ ತಲೆ ಸವರಿದರೆ ಪ್ರೀತಿಗಿಂತ ಮೊದಲು ಹೆದರಿಕೆ ಆಗುತ್ತಿತ್ತು.

ನಾವು ನಾಲ್ವರೂ ಸೇರಿ ಯೋಚಿಸಿದೆವು. ಕಾಯಿಲೆ ಇದ್ದರೆ ಕೂರಬಹುದು ಎಂದಲ್ಲವೇ ಅವರ ಮಾತಿನ ಅರ್ಥ? ಮುಂದಿನ ಮ್ಯಾಚಿಗೆ ಒಬ್ಬ ಮೊಣಕಾಲಿಗೆ, ಒಬ್ಬ ಹಣೆಗೆ, ನಾನು ಪಾದಕ್ಕೆ ಬ್ಯಾಂಡೇಜ್ ಸುತ್ತಿಕೊಂಡೆವು. ನಾಲ್ಕನೆಯವನಿಗೆ ಬಟ್ಟೆ ಸಾಲದೆ ಅವನು ಬರೀ ಕೆಮ್ಮಿದ. ಸಾಹುಕಾರರು ನೋಡಿದರು, ಲೊಚಗುಟ್ಟಿದರು, ಮ್ಯಾನೇಜರನ್ನು ಕರೆದರು.

"ಪಾಪ, ವಾಸಿ ಆಗೋವರ್ಗೂ ಮನೇಲಿ ಮಲಗಿರ್ಲಿ ಬಿಡು. ಸಂಬಳಕ್ಕೆ ಅಂತ ಇಲ್ಲೀವರ್ಗೂ ನಡ್ಕೊಂಡು ಬರೋದು ಬೇಡ."

ಮರುದಿನ ಬೆಳಗ್ಗೆ ಕಾರ್ಖಾನೆಗೆ ಎಲ್ಲರಿಗಿಂತ ಮುಂಚೆ, ಓಡಿಕೊಂಡು ಬಂದವರು ನಾವೇ.

೨. ಟವೆಲ್ ಕೆಳಗೆ

ಮ್ಯಾನೇಜರು ಮೊದಲು ದನದ ಜಾತ್ರೆಗಳಲ್ಲಿ ದಲ್ಲಾಳಿಯಾಗಿದ್ದವರು. ಅಲ್ಲಿ ಎತ್ತಿನ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೈ ಮೇಲೆ ಟವೆಲ್ ಹಾಕಿಕೊಂಡು ಒಬ್ಬರ ಬೆರಳು ಒಬ್ಬರು ಹಿಡಿದು ವ್ಯಾಪಾರ ಮುಗಿಸುತ್ತಾರೆ. ನೋಡುವವರಿಗೆ ಇಬ್ಬರು ಸುಮ್ಮನೆ ಕೈಕುಲುಕುತ್ತಾ ನಿಂತಂತೆ ಕಾಣುತ್ತದೆ. ಆ ಕಸುಬು ಬಿಟ್ಟರೂ ಮ್ಯಾನೇಜರು ಟವೆಲ್ ಬಿಟ್ಟಿರಲಿಲ್ಲ. ಯಾರನ್ನು ಇಳಿಸುತ್ತೇವೆ ಎನ್ನುವುದು ಎದುರು ಪಾರ್ಟಿಗೆ ಗೊತ್ತಾಗಬಾರದಂತೆ. ಹಾಗಾಗಿ ಹಲಗೆಯ ಹತ್ತಿರ ಬಂದು ಟವೆಲ್ ಚಾಚುತ್ತಿದ್ದರು. ಒಳಗೆ ಅವರು ಕೊಡುವ ಒಂದು ಬೆರಳು ಅಂದರೆ ಐದು ನಿಮಿಷದ ಆಟ.

ಕೊನೆಯ ಮ್ಯಾಚಿಗೆ ನನ್ನ ನೆನಪು ಬರಬೇಕಾದರೆ ಅದಕ್ಕೆ ಮುಂಚೆ ಎಲ್ಲಾದರೂ ಆಡಿ ತೋರಿಸಿರಬೇಕಲ್ಲ. ಗೌರಿಬಿದನೂರಿನಲ್ಲಿ ಮ್ಯಾಚು ಮುಗಿಯುವುದಕ್ಕೆ ಇನ್ನೊಂದಿಷ್ಟು ಹೊತ್ತಿದ್ದಾಗ ಟವೆಲ್ ನನ್ನ ಮುಂದೆ ಬಂತು. ಅವರು ಒಂದು ಬೆರಳು ಕೊಟ್ಟರು. ನಾನು ನಾಲ್ಕು ಹಿಡಿದೆ.

ಅವರು ಎಲ್ಲೋ ನೋಡುತ್ತಾ, "ಜಾಸ್ತಿ ಆಯ್ತಪ್ಪ" ಎಂದರು.

"ವರ್ಷದಿಂದ ಕೂತಿದೀನಿ ಸಾರ್."

"ಕೂತಿರೋ ಎತ್ತಿಗೆ ಯಾರಪ್ಪ ನಾಲ್ಕು ಕೊಡ್ತಾರೆ?"

ಒಂದೂವರೆ ಎಂದರು. ಹೆಬ್ಬೆರಳನ್ನು ಅರ್ಧಕ್ಕೆ ಮಡಿಸಿ ಕೊಟ್ಟಿದ್ದು ನನಗೆ ಅವಮಾನ ಅನ್ನಿಸಿತು. ನಾನು ಮೂರಕ್ಕೆ ಬಂದೆ. ಅವರು ಕೈ ಕೊಸರಿಕೊಂಡು ಹೊರಟಂತೆ ಮಾಡಿದರು, ನಾನು ಹೋಗಲಿ ಬಿಡಿ ಎಂಬಂತೆ ಮುಖ ತಿರುಗಿಸಿದೆ. ಅವರು ವಾಪಸ್ ಬಂದರು. ಎರಡು ಎಂದರು. ಎರಡೂವರೆ ಎಂದೆ. ಕೊನೆಗೆ ನಿಟ್ಟುಸಿರು ಬಿಟ್ಟು ಎರಡೂವರೆ ಬೆರಳಿಗೆ ಒಪ್ಪಿ, ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡರು.

ನಾನು ಎದ್ದು ನಿಂತೆ. ರೆಫರಿ ಮ್ಯಾಚು ಮುಗಿಯಿತೆಂದು ಸೀಟಿ ಊದಿದರು.

೩. ಯಾವ ಟೀಮಿನವರು

ಮನೆಯಲ್ಲಿ ನಾನು ಹಲಗೆಯ ವಿಷಯ ಹೇಳಿರಲಿಲ್ಲ. ಅಮ್ಮೀಗೂ ಆ ಕುದಿಯುವ ತೊಟ್ಟಿಯ ಹೆದರಿಕೆಯೇ. ಚಿಕ್ಕಪ್ಪ ಬಂದು, "ನಿನ್ನ ಮಗನಿಗೆ ನನ್ನ ಹತ್ತಿರ ಒಂದು ಜಾಗ ಇದ್ದೇ ಇದೆ" ಎಂದಾಗಲೆಲ್ಲ ಅವಳು ಚಹಾ ಕೊಟ್ಟು ಬೇಗ ಕಳಿಸಿಬಿಡುತ್ತಿದ್ದಳು. ನಾನು ಬಂದ ಕೂಡಲೇ, "ಆಡಿದ್ಯಾ ಬೇಟಾ?" ಎಂದು ಕೇಳುತ್ತಿದ್ದಳು. ಆಡಿದೆ ಎನ್ನುತ್ತಿದ್ದೆ. ಒಂದು ದಿನ ನನ್ನ ಜರ್ಸಿ ಹಿಡಿದು ನೋಡಿ, ಇಷ್ಟು ಬೆಳ್ಳಗಿದೆಯಲ್ಲ ಎಂದಳು.

ಆ ಮೇಲೆ ನಾನು ಮ್ಯಾಚು ಮುಗಿಸಿ ಬರುವಾಗ ಊರ ಹೊರಗಿನ ಕೆರೆಯ ಹತ್ತಿರ ಇಳಿಯಲು ಶುರು ಮಾಡಿದೆ. ಜರ್ಸಿ ಬಿಚ್ಚಿ ಅಂಚಿನ ಕೆಸರಿನಲ್ಲಿ ಹೊರಳಿಸಿ, ಹಾಕಿಕೊಂಡು, ಕುಂಟುತ್ತಾ ಮನೆಗೆ ಹೋಗುತ್ತಿದ್ದೆ.

ಚಿಂತಾಮಣಿಯ ಮ್ಯಾಚಿನ ದಿನ ಸ್ವಲ್ಪ ಜಾಸ್ತಿಯೇ ಹೊರಳಿಸಿದೆ. ಅಮ್ಮೀ ಬಚ್ಚಲ ಕಲ್ಲಿನ ಮೇಲೆ ಜರ್ಸಿ ಹಾಕಿ ನೀರು ಸುರಿಯುತ್ತಾ, "ಎದುರು ಪಾರ್ಟಿಯವ್ರು ಜೋರಿದ್ರಾ?" ಎಂದಳು.

"ತುಂಬಾ ಜೋರು ಅಮ್ಮೀ. ನಾಲ್ಕು ಸಲ ಬೀಳಿಸಿದ್ರು."

ಜರ್ಸಿಯ ಮಡಿಕೆಯಿಂದ ಏನೋ ಟಕ್ ಎಂದು ಕಲ್ಲಿನ ಮೇಲೆ ಬಿತ್ತು. ಒಂದು ಬಸವನಹುಳು. ಅದು ಮೆಲ್ಲಗೆ ಕೊಂಬು ಹೊರಗೆ ಹಾಕಿ ಇಬ್ಬರನ್ನೂ ನೋಡಿತು. ಅಮ್ಮೀ ಅದನ್ನು ಅಂಗೈಯಲ್ಲಿ ಎತ್ತಿಕೊಂಡು ನನ್ನ ಮುಂದೆ ಹಿಡಿದಳು.

"ಬೀಳಿಸಿದ್ದು ಇವ್ರೇನಾ?"

೪. ಔಷಧಿ

ನಾನು ಆಡಬೇಕಿದ್ದ ಜಾಗ ಲೆಫ್ಟ್ ಬ್ಯಾಕ್. ಅಲ್ಲಿ ಚಿಂತಾಮಣಿ ಕಡೆಯಿಂದ ನಮ್ಮಲ್ಲಿಗೆ ಬಂದಿದ್ದ ಒಬ್ಬ ಅಣ್ಣ ಆಡುತ್ತಿದ್ದ. ನನಗಿಂತ ಹತ್ತು ವರ್ಷ ದೊಡ್ಡವನು, ಮನೆಯಲ್ಲಿ ತೆಲುಗು, ಬಾಯಲ್ಲಿ ಸದಾ ಎಲೆ ಅಡಿಕೆ, ಎರಡು ಮಕ್ಕಳ ತಂದೆ. ಅವನೂ ಟೆಂಪರರಿ. ಏನೇ ಆದರೂ ಅವನು ಮೈದಾನ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಒಮ್ಮೆ ಹಲ್ಲು ಬಿದ್ದಾಗ ಅದನ್ನು ಚಡ್ಡಿಯ ಜೇಬಿನಲ್ಲಿ ಹಾಕಿಕೊಂಡು ಆಟ ಮುಂದುವರಿಸಿದ್ದ.

ಒಂದು ಮ್ಯಾಚಿನಲ್ಲಿ ಅವನು ಮೀನಖಂಡ ಹಿಡಿದುಕೊಂಡು ಕೆಳಗೆ ಬಿದ್ದ. ಏಳಲಿಲ್ಲ. ಅಯ್ಯೋ ಪಾಪ ಎಂದುಕೊಳ್ಳುತ್ತಲೇ ನಾನು ಬೂಟಿನ ಲೇಸ್ ಬಿಗಿದೆ. ಮನಸ್ಸಿನಲ್ಲಿ ಒಂದು ಕಡೆ ಅವನ ಕಾಲು ಸರಿಹೋಗಲಿ ಎಂದು ದುವಾ, ಇನ್ನೊಂದು ಕಡೆ ಇವತ್ತೊಂದು ದಿನ ಬೇಡ ಎಂದೂ ದುವಾ. ಗೆರೆಯ ಹತ್ತಿರ ಹೋಗಿ ನಿಂತೆ. ಮಲಗಿದ್ದಲ್ಲಿಂದಲೇ ಅವನು ತಲೆ ಎತ್ತಿದ. ನನ್ನನ್ನು ಕಂಡ. ಚಂಗನೆ ಎದ್ದು ಓಡಿದ.

ಮೈಲಿಗೊಮ್ಮೆ ನಿಲ್ಲುತ್ತಿದ್ದ ನಮ್ಮ ಸಣ್ಣ ರೈಲಿನಲ್ಲಿ ವಾಪಸ್ ಬರುವಾಗ ಅವನು ನನ್ನ ಪಕ್ಕ ಬಂದು ಕೂತ. "ಕೋಪ ಮಾಡ್ಕೋಬೇಡಪ್ಪ. ನಿಂಗೆ ವಯಸ್ಸೈತೆ, ಇನ್ನೊಂದು ಕಡೆ ಕರೀತಾರೆ. ನಾನು ಒಂದ್ಸಲ ಆಚೆ ಬಂದ್ರೆ ಮತ್ತೆ ಯಾರು ಒಳಗೆ ಬಿಡ್ತಾರೆ ಚೆಪ್ಪು" ಎಂದ. ಅಲ್ಲಿಯವರೆಗೆ ಹೆದರಿದವನು ನಾನೊಬ್ಬನೇ ಎಂದುಕೊಂಡಿದ್ದೆ. ಅವನು ನನಗಿಂತ ಹೆಚ್ಚು ಹೆದರಿದ್ದ, ಅದೂ ನನಗೆ. ನನ್ನನ್ನು ನೋಡಿ ಒಬ್ಬರು ಹೆದರುತ್ತಾರೆ ಎನ್ನುವುದು ನನಗೆ ಸ್ವಲ್ಪವೂ ಖುಷಿ ಕೊಡಲಿಲ್ಲ.

ಮ್ಯಾನೇಜರಿಗೆ ಮಾತ್ರ ಖುಷಿಯಾಯಿತು. ಅಲ್ಲಿಂದ ಮುಂದೆ ಅಣ್ಣ ಬಿದ್ದಾಗಲೆಲ್ಲ ಐಸೂ ಇಲ್ಲ, ಎಣ್ಣೆಯೂ ಇಲ್ಲ. "ಏಯ್, ನೀನು ಹೋಗಿ ಸ್ವಲ್ಪ ಗೆರೆ ಹತ್ರ ನಿಂತ್ಕೋ" ಎನ್ನುತ್ತಿದ್ದರು.

೫. ಹೊರಗೆ ಬಾರದವರು

ಕೊನೆಯ ಮ್ಯಾಚು ಚಿಕ್ಕಬಳ್ಳಾಪುರದಲ್ಲಿ, ಚಿಂತಾಮಣಿಯ ಎಣ್ಣೆ ಮಿಲ್ಲಿನವರ ಮೇಲೆ. ಕಪ್ಪು ಕೊಟ್ಟವರು ನಮ್ಮ ಸಾಹುಕಾರರೇ. ಹಾರ ಹಾಕಿಕೊಂಡು ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದರು. ಮ್ಯಾಚು ಮುಗಿದಾಗ ಒಳಗಿರುವವರು ಖಾಯಂ, ಹೊರಗಿರುವವರು ಹೊರಗೇ ಎಂಬ ಅವರ ಕಾನೂನನ್ನು ಯಾರೂ ಮರೆತಿರಲಿಲ್ಲ. ನಾನಂತೂ ಆ ಸೀಸನ್ನಿನಲ್ಲಿ ಮೈದಾನದ ಹುಲ್ಲು ತುಳಿದಿರಲಿಲ್ಲ.

ಎರಡೂ ಕಡೆ ಗೋಲಿಲ್ಲ. ನಂದಿ ಬೆಟ್ಟದ ಹಿಂದೆ ಹೊತ್ತು ಇಳಿಯುತ್ತಾ ಬಂತು. ಟವೆಲ್ ಬಂತು. ಅವರು ಎರಡು ಬೆರಳು ಕೊಟ್ಟರು. ನಾನು ಚೌಕಾಸಿ ಮಾಡಲಿಲ್ಲ.

"ನಮ್ ಲೆಫ್ಟ್ ಬ್ಯಾಕ್ ಬದ್ಲು ಹೋಗಪ್ಪ. ಅವ್ನ್ನ ಆಚೆ ಕಳ್ಸು."

ಗೆರೆ ಕಾಯುತ್ತಿದ್ದ ಲೈನ್ಸ್‌ಮನ್ ಒಬ್ಬ ಪಿ.ಟಿ. ಮೇಷ್ಟ್ರು. ಒಂದು ಕೈಯಲ್ಲಿ ಸೋಡಾ ಇತ್ತು, ಇನ್ನೊಂದು ಕೈಯಲ್ಲಿ ಬಾವುಟ ಎತ್ತಿದರು. ನಾನು ಒಳಗೆ ಓಡಿದೆ.

"ಅಣ್ಣ, ಮ್ಯಾನೇಜರು ನಿಮ್ಮನ್ನ ಕರೀತಿದಾರೆ."

ಅಣ್ಣ ಬೇರೆ ಕಡೆಗೇ ನೋಡುತ್ತಾ, "ಯಾರು? ನಂಗೆ ಆ ಕಡೆ ಬಿಸಿಲು, ಕಾಣ್ಸಲ್ಲ" ಎಂದ.

"ಆಚೆ ಬರ್ಬೇಕಂತೆ ಅಣ್ಣ."

"ಚೆಂಡು ಬತ್ತಾ ಐತೆ ನೋಡು" ಎಂದು ಓಡಿಬಿಟ್ಟ.

ನಾನು ಒಬ್ಬನೇ ನಿಂತೆ. ವಾಪಸ್ ಹೋದರೆ ತೊಟ್ಟಿ. ಅವನನ್ನು ಎಳೆದು ಹೊರಗೆ ಹಾಕಿದರೆ ಅವನ ಎರಡು ಮಕ್ಕಳು. ನನಗೆ ಎರಡೂ ಆಗಲಿಲ್ಲ. ಅಲ್ಲೇ ಉಳಿದೆ. ಅಣ್ಣ ಹೋದಲ್ಲಿ ಅವನ ಬೆನ್ನ ಹಿಂದೆಯೇ ಹೋದೆ, ಒಬ್ಬನೇ ಇದ್ದಂತೆ ಕಾಣಲಿ ಎಂದು. ವರ್ಷವಿಡೀ ಚೆಂಡು ಬೇಕು ಎಂದು ಬೇಡಿಕೊಂಡವನು ಈಗ ಚೆಂಡು ಕಂಡರೆ ಓಡಿಹೋಗುತ್ತಿದ್ದೆ. ಮುಟ್ಟಿದರೆ ಎಲ್ಲರ ಕಣ್ಣು ನನ್ನ ಮೇಲೆ ಬೀಳುತ್ತದಲ್ಲ.

ಚೆಂಡೇ ನನ್ನನ್ನು ಹುಡುಕಿಕೊಂಡು ಬಂತು. ಗೋಲಿನ ಮುಂದೆ ಅಡಗಿ ನಿಂತಿದ್ದ ನನ್ನ ಬೆನ್ನಿಗೆ ಬಡಿದು ಹೊರಗೆ ಹೋಯಿತು. ಇಲ್ಲದಿದ್ದರೆ ಅದು ಗೋಲು. ಜನ ಕೂಗಿದರು. ರೆಫರಿ ನನ್ನನ್ನು ನೋಡಿದರು, ಅಣ್ಣನನ್ನು ನೋಡಿದರು, ಸೀಟಿ ಊದಿದರು.

"ಎಲ್ರೂ ಇದ್ದಲ್ಲೇ ನಿಂತ್ಕೊಳ್ಳಿ."

ಬೆರಳು ಮಡಿಸುತ್ತಾ ಎಣಿಸಿದರು. ನಮ್ಮ ಕಡೆ ಹನ್ನೆರಡು.

ಚಿಂತಾಮಣಿಯ ಕ್ಯಾಪ್ಟನ್ ಕುಣಿದಾಡಿದ. "ನೋಡಿದ್ರಾ ಸಾರ್ ಮೋಸ. ಕಪ್ಪು ನಮಗೆ ಕೊಡಿ."

"ತಡಿಯಪ್ಪ" ಎಂದು ರೆಫರಿ ಅವರನ್ನೂ ಎಣಿಸಿದರು. ಅಲ್ಲೂ ಹನ್ನೆರಡು.

ಕ್ಯಾಪ್ಟನ್ ತಾನೇ ಎಣಿಸಿದ. ತನ್ನನ್ನು ಬಿಟ್ಟು ಎಣಿಸಿ ಹನ್ನೊಂದು ಎಂದ. ಅವರ ರೈಟ್ ಬ್ಯಾಕಿನ ಜಾಗದಲ್ಲಿ ಇಬ್ಬರು ಒಬ್ಬರಿಗೊಬ್ಬರು ಅಂಟಿಕೊಂಡು ನೆಲ ನೋಡುತ್ತಾ ನಿಂತಿದ್ದರು. ಆ ಮುಖಗಳು ನನಗೆ ಕೂಡಲೇ ಗೊತ್ತಾದವು. ನಮ್ಮಿಬ್ಬರ ಮುಖದ ಹೆದರಿಕೆಯೇ ಅಲ್ಲೂ ಇತ್ತು. ಅವರ ಸಾಹುಕಾರರದ್ದೂ ಏನೋ ಕಾನೂನು ಇತ್ತೆಂದು ಕಾಣುತ್ತದೆ.

"ಎರಡು ಕಡೆಯಿಂದ್ಲೂ ಒಬ್ಬೊಬ್ರು ಆಚೆ ನಡೀರಿ" ಎಂದರು ರೆಫರಿ. ಇಪ್ಪತ್ತನಾಲ್ಕು ಜನರಲ್ಲಿ ಒಬ್ಬರೂ ಅಲ್ಲಾಡಲಿಲ್ಲ. ಅಣ್ಣ ಹಿಂದಿನಿಂದ ನನ್ನ ಕೈ ಹಿಡಿದುಕೊಂಡ. ಐದೂ ಬೆರಳು. ಹೋಗು ಎಂದು ಹಿಡಿದನೋ ಹೋಗಬೇಡ ಎಂದೋ ತಿಳಿಯಲಿಲ್ಲ.

ಕುರ್ಚಿಯಿಂದ ಎದ್ದು ಸಾಹುಕಾರರು ಕೊಡೆ ಊರಿಕೊಂಡು ಮೈದಾನದ ನಡುವೆ ಬಂದರು. ನನ್ನ ಕಥೆ ಮುಗಿಯಿತು ಎಂದುಕೊಂಡೆ.

"ಏನಿದು?"

ಮ್ಯಾನೇಜರು ತಲೆ ತಗ್ಗಿಸಿ, "ಇವ್ನು ಆಚೆ ಬಾ ಅಂದ್ರೆ ಬರ್ಲಿಲ್ಲ ಸಾಮಿ. ಅವ್ನು ವಾಪಸ್ ಬಾ ಅಂದ್ರೂ ಬರ್ಲಿಲ್ಲ" ಎಂದರು.

"ಕರದ್ರೂ ಬರ್ಲಿಲ್ವಾ?"

"ಇಲ್ಲ ಸಾಮಿ."

ಸಾಹುಕಾರರು ನಮ್ಮಿಬ್ಬರನ್ನು ಮೇಲಿಂದ ಕೆಳಗೆ ನೋಡಿದರು. "ನನ್ ಕಾರ್ಖಾನೇಲಿ ಗಂಟೆ ಹೊಡೆಯೋಕೆ ಮುಂಚೇನೇ ಮನೆಗೆ ಹೋಗೋಕೆ ಎಲ್ರೂ ಗೇಟಲ್ಲಿ ನಿಂತಿರ್ತಾರೆ. ಇವ್ರು ಹೋಗ್ರೋ ಅಂದ್ರೂ ಹೋಗಲ್ಲ. ಇಬ್ರನ್ನೂ ಖಾಯಂ ಮಾಡು." ಆಮೇಲೆ ರೆಫರಿಯ ಕಡೆ ತಿರುಗಿ, "ಎರಡು ಕಡೇನೂ ಸಮ ಐತಲ್ವಾ? ಸಮ ಇದ್ಮೇಲೆ ಜಗಳ ಏನು, ಆಡಿಸಿ" ಎಂದರು. ಕಪ್ಪು ಕೊಟ್ಟವರ ಮಾತು. ಹೊತ್ತೂ ಮುಳುಗುತ್ತಿತ್ತು. ಹನ್ನೆರಡು ಜನಕ್ಕೆ ಹನ್ನೆರಡು ಜನ ಆಡಿ ಮುಗಿಸಿದೆವು. ಆಗಲೂ ಗೋಲಾಗದೆ ನಾಣ್ಯ ಚಿಮ್ಮಿಸಿದಾಗ ಸೋತೆವು. ನಾನೂ ಅಣ್ಣನೂ ಮಾತ್ರ ಗೆದ್ದವರಿಗಿಂತ ಹೆಚ್ಚು ಖುಷಿಯಿಂದ ಅತ್ತೆವು.

ನಮ್ಮಿಬ್ಬರನ್ನೂ ಕಾರ್ಖಾನೆಯ ಗೇಟಿಗೆ ಹಾಕಿದರು. ಗಂಟೆ ಹೊಡೆಯುವ ತನಕ ಯಾರನ್ನೂ ಹೊರಗೆ ಬಿಡದಿರುವುದೇ ಕೆಲಸ. ಮರುವರ್ಷದ ಸೀಸನ್ನಿಗೆ ಮ್ಯಾನೇಜರು ಗೇಟಿನ ಹತ್ತಿರ ಬಂದು, ಆಚೀಚೆ ನೋಡಿ, ಟವೆಲ್ ಚಾಚಿದರು. ಒಳಗೆ ಐದೂ ಬೆರಳು, ಮೇಲೆ ಅಂಗೈ ಪೂರ್ತಿ. ಅಂದರೆ ಮೊದಲಿಂದ ಕೊನೆಯ ತನಕ ಇಡೀ ಮ್ಯಾಚು. ಅಷ್ಟು ಬೆಲೆ ಅವರು ಯಾರಿಗೂ ಕೊಟ್ಟಿದ್ದಿಲ್ಲ.

ನಾನು ಮುಷ್ಟಿ ಬಿಚ್ಚಲಿಲ್ಲ.

"ಯಾಕಪ್ಪ, ಇಷ್ಟು ದಿನ ಇದಕ್ಕೇ ಅಲ್ವಾ ಬಾಯಿ ಬಾಯಿ ಬಡ್ಕೊಂಡಿದ್ದು?"

"ಹೌದು ಸಾರ್. ಆದ್ರೆ ಒಳಗೆ ಇಳಿದ್ರೆ ಮತ್ತೆ ಆಚೆ ಕರೀತೀರ" ಎಂದು ಗೇಟಿನ ಚಿಲಕ ಹಾಕಿಕೊಂಡೆ.