ಏಳು ಪ್ರಶಸ್ತಿ, ನಾಲ್ಕು ತೂತು

ಚಲನಚಿತ್ರ ಪ್ರಶಸ್ತಿ ಆಯ್ಕೆ ಸಮಿತಿಯ ಅಧ್ಯಕ್ಷರ ಸನ್ನಿಧಾನಕ್ಕೆ,

ಮಾನ್ಯರೇ,

ಹಬೆಗೆ ಕೈ ಬೆವರಿ ಒದ್ದೆಯಾಗಿದ್ದುದರಿಂದ ಮೊದಲು ಎರಡೂ ಕೈ ಒರೆಸಿಕೊಂಡು, ಆಮೇಲೆ ಜೋಡಿಸಿ, ಲಾಂಡ್ರಿಯ ಮಡಚುವ ವಿಭಾಗದ ಇಪ್ಪತ್ತಾರು ಹೆಂಗಸರ ಪರವಾಗಿ ತಮಗೆ ಸಾವಿರ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ಪತ್ರಿಕೆಯಲ್ಲಿ ಬಂದ ಫೋಟೋದಿಂದ ತಿಳಿದು ಸಂತೋಷವಾಯಿತು. ಇತ್ತ ನಾವೂ ಕ್ಷೇಮ, ಬಾಗಿಲು ತಾನಾಗಿ ಮುಚ್ಚಿಕೊಳ್ಳದ ದಿನಗಳಲ್ಲಿ.

ನಮ್ಮ ಲಾಂಡ್ರಿಯಲ್ಲೇ ಚಿತ್ರೀಕರಣವಾಗಿ, ನಮ್ಮದೇ ಮುಷ್ಕರದ ಕಥೆಯೆಂದು ಹೇಳಿಕೊಂಡು, ಊರೂರಲ್ಲಿ ಜನರನ್ನು ಕುರ್ಚಿಯ ಮೇಲೆ ನಿಲ್ಲಿಸಿದ ‘ಒಂದೇ ಒದೆ’ ಚಿತ್ರಕ್ಕೆ ತಾವು ಏಳು ಪ್ರಶಸ್ತಿ ಘೋಷಿಸಿದ್ದೀರಿ. ಬರುವ ಶನಿವಾರ ದೊಡ್ಡ ಹೋಟೆಲಿನಲ್ಲಿ ಅವನ್ನು ಹಂಚಲಿದ್ದೀರಿ. ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದಾಳೆಂದು ತಾವು ಭಾವಿಸಬಾರದೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಆ ಚಿತ್ರವನ್ನು ಮೂರು ಸಲ ನೋಡಿದ್ದೇನೆ, ಎರಡು ಸಲ ಸೀಟಿ ಹೊಡೆದಿದ್ದೇನೆ. ನಮ್ಮತ್ತೆ ಐದು ಸಲ ನೋಡಿ ಐದು ಸಲವೂ ಅತ್ತಿದ್ದಾರೆ. ಸೊಸೆ ಎದುರಿಗೆ ಕೂತು ಅತ್ತರೆ “ಈರುಳ್ಳಿ ಹೆಚ್ಚಿದ್ಯೇನೇ?” ಎಂದು ಕೇಳುವ ಹೆಂಗಸು ಅವರು. ಅಂಥವರ ಕಣ್ಣಲ್ಲಿ ನೀರು ತರಿಸಿದವರಿಗೆ ಏಳಲ್ಲ, ಎಪ್ಪತ್ತು ಪ್ರಶಸ್ತಿ ಕೊಟ್ಟರೂ ನನ್ನ ತಕರಾರಿಲ್ಲ. ಹಾಡಿಗೆ ಕೊಟ್ಟಿರಿ, ಸರಿ. ಹಬೆಯ ನಡುವೆ ಬೆಳಕು ಇಳಿಯುವುದನ್ನು ಹಿಡಿದ ಕ್ಯಾಮೆರಾದವರಿಗೆ ಕೊಟ್ಟಿರಿ, ಸರಿಗಿಂತ ಸರಿ. ದಿನವೂ ಅದೇ ಹಬೆಯಲ್ಲಿ ಕಣ್ಣುರಿಸಿಕೊಳ್ಳುವ ನಮಗೆ ಅದು ಅಷ್ಟು ಚೆಂದ ಎಂದು ಗೊತ್ತೇ ಇರಲಿಲ್ಲ. ನನ್ನ ಜಗಳ ಏನಿದ್ದರೂ ಏಳನೆಯದರ ಮೇಲೆ. ‘ಕಾರ್ಮಿಕ ಬದುಕಿನ ನೈಜ ಚಿತ್ರಣಕ್ಕಾಗಿ ವಿಶೇಷ ಪ್ರಶಸ್ತಿ.’

ನೈಜವಾಗಿ ನಡೆದದ್ದನ್ನು ತಮ್ಮ ಅಮೂಲ್ಯ ಸಮಯ ಹಾಳಾಗದಂತೆ ಹೇಳುತ್ತೇನೆ. ಬೆಡ್‌ಶೀಟು ಮಡಚಲು ಇಬ್ಬರು ಬೇಕು. ಈ ತುದಿ ಒಬ್ಬರು, ಆ ತುದಿ ಒಬ್ಬರು ಹಿಡಿದು, ಜಾಡಿಸಿ, ಎಳೆದು, ಎದುರುಬದುರು ನಡೆದು ಬಂದು ತುದಿಗೆ ತುದಿ ಕೂಡಿಸಬೇಕು. ಹದಿನಾಲ್ಕು ವರ್ಷದಿಂದ ನನ್ನ ಎದುರಿನ ತುದಿ ಹಿಡಿಯುವವಳು ದೊಡ್ಡಕ್ಕ. ಒಡಹುಟ್ಟಿದವಳಲ್ಲ, ಆದರೆ ಇಡೀ ಲಾಂಡ್ರಿಗೆ ಅವಳು ದೊಡ್ಡಕ್ಕನೇ, ಮ್ಯಾನೇಜರಿಗೂ. ಒಂದು ಮಧ್ಯಾಹ್ನ ಒಣಗಿದ ಬಟ್ಟೆ ತರಲು ಬಿಸಿಕೋಣೆಗೆ ಹೋದವಳ ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತು. ಮುಚ್ಚಿದರೆ ತಾನಾಗಿ ಚಿಲಕ ಬೀಳುವ ಆ ಬಾಗಿಲಿಗೆ ಹೊರಗಡೆ ಹಿಡಿಕೆಯಿದೆ, ಒಳಗಡೆ ಇಲ್ಲ. ಒಳಗಿನಿಂದ ಎಷ್ಟು ಕೂಗಿದರೂ ಯಂತ್ರಗಳ ಸದ್ದಿನಲ್ಲಿ ಯಾರ ಕಿವಿಗೂ ಬೀಳದು. ಒಂದು ರಾಶಿಯ ದಿಂಬಿನ ಚೀಲಗಳನ್ನೆಲ್ಲ ಒಬ್ಬಳೇ ಮಡಚಿ ಮುಗಿಸಿದ ನಾನು ಬೆಡ್‌ಶೀಟು ಎತ್ತಿಕೊಂಡು, ಅಭ್ಯಾಸಬಲದಿಂದ “ಹಿಡಿಯೇ ಅಕ್ಕಾ” ಎಂದು ಬೀಸಿದರೆ ಆ ತುದಿ ನೆಲಕ್ಕೆ ಬಿತ್ತು. ಅವಳು ಬಿಸಿಕೋಣೆಯಿಂದ ಬಂದೇ ಇಲ್ಲವೆಂದು ಆಗಲೇ ಹೊಳೆದದ್ದು. ಓಡಿಹೋಗಿ ಹಿಡಿಕೆ ತಿರುಗಿಸಿ ಎಳೆದೆ. ಎರಡು ಬೆರಳಿನ ಕೆಲಸ ಮಾನ್ಯರೇ, ಒದೆಯುವುದಿರಲಿ, ನನ್ನ ಉಗುರು ಕೂಡ ಮುರಿಯಲಿಲ್ಲ. ಹೊರಗೆ ನಿಂತವರಿಗೆ ಆ ಬಾಗಿಲು ಯಾವತ್ತೂ ತೊಂದರೆ ಕೊಟ್ಟದ್ದಲ್ಲ, ಅದರ ಹಗೆತನವೆಲ್ಲ ಒಳಗಿರುವವರ ಜೊತೆ. ಕೆಂಪಗೆ ಬೆಂದು ಹೊರಗೆ ಬಂದ ದೊಡ್ಡಕ್ಕ ಮೊದಲು ಕೇಳಿದ್ದು ನೀರು. ಎರಡು ಲೋಟ ಕುಡಿದ ಮೇಲೆ ಕೇಳಿದ್ದು, “ಎಷ್ಟೊತ್ತಿಗೆ ನೆನಪಾದೆನೇ ನಾನು ನಿಂಗೆ?”

ಮರುದಿನದಿಂದ ನಾವು ಮಡಚುವುದನ್ನು ನಿಲ್ಲಿಸಿದೆವು. ಒಗೆಯುವವರು ಒಗೆದರು, ಒಣಗಿಸುವವರು ಒಣಗಿಸಿದರು, ನಾವು ಇಪ್ಪತ್ತಾರು ಜನ ಮೇಜುಗಳ ಮುಂದೆ ಕೈಕಟ್ಟಿ ನಿಂತೆವು. ಮಡಚಿದರೆ ಒಂದು ವ್ಯಾನಿನಲ್ಲಿ ಹೋಗುವ ಬಟ್ಟೆ ಮಡಚದಿದ್ದರೆ ಎಂಟು ವ್ಯಾನಿಗೂ ಹಿಡಿಸದು. ಐದನೇ ದಿನಕ್ಕೆ ರಾಶಿ ಬೆಳೆದು ಕಿಟಕಿ ಮುಚ್ಚಿತು. ಏಳನೇ ದಿನ ಮ್ಯಾನೇಜರೂ ಗುಮಾಸ್ತರೂ “ಇದೇನು ಮಹಾ ವಿದ್ಯೆ” ಎಂದು ತಾವೇ ಮಡಚಲು ಬಂದರು. “ನೀವು ಈ ಕಡೆ ಬನ್ರೀ”, “ಇಲ್ಲ ಸಾರ್, ನೀವೇ ಆ ಕಡೆ ಹೋಗಬೇಕು” ಎನ್ನುತ್ತ ಒಂದೇ ಬೆಡ್‌ಶೀಟಿನೊಳಗೆ ಇಬ್ಬರೂ ಸುತ್ತಿಕೊಂಡು ನಿಂತಾಗ ಅವರನ್ನು ಬಿಚ್ಚಿ ಹೊರತೆಗೆದವಳೂ ದೊಡ್ಡಕ್ಕನೇ. ಒಂಬತ್ತನೇ ದಿನ ಒಪ್ಪಂದಕ್ಕೆ ಸಹಿ ಬಿತ್ತು: ಕುಡಿಯುವ ನೀರು, ನಡುವೆ ಅರ್ಧ ಗಂಟೆ ವಿರಾಮ, ಬಿಸಿಕೋಣೆಯ ಬಾಗಿಲಿಗೆ ಒಳಗಡೆ ಒಂದು ಹಿಡಿಕೆ. ನೀರು ಬಂತು, ವಿರಾಮವೂ ಬಂತು. ಹಿಡಿಕೆ ಮಾತ್ರ ಬಾಗಿಲು ಮಾಡಿದ ಕಂಪನಿಯಿಂದಲೇ ಬರಬೇಕಂತೆ, ತಜ್ಞರು ಬಂದು ಅಳೆಯಬೇಕಂತೆ, ಅಳೆದವರು ವರದಿ ಕೊಡಬೇಕಂತೆ. ಹೀಗೆ ಅಂತೆಕಂತೆಗಳಲ್ಲಿ ಎರಡು ವರ್ಷ ಕಳೆಯಿತು.

ಆಗ ಬಂದರು ನಿರ್ದೇಶಕರು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಮೇಜಿನ ಮೇಲೆ ಕೂತು ಕಥೆಯನ್ನೆಲ್ಲ ಕೇಳಿ, ಕಣ್ಣೊರೆಸಿಕೊಂಡು, “ಅದ್ಭುತ ಅಮ್ಮ. ಆದ್ರೆ ಮಡಚದೇ ಇರೋದನ್ನ ತೆರೆ ಮೇಲೆ ಹೇಗೆ ತೋರಿಸ್ಲಿ? ಏನಾದ್ರೂ ಆಗ್ಬೇಕಲ್ಲ?” ಎಂದರು. ಆದದ್ದು ಚಿತ್ರದ ನಾಯಕರು.

ನಾಯಕರ ಬಗ್ಗೆ ಎರಡು ಒಳ್ಳೆಯ ಮಾತು ಹೇಳದಿದ್ದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಹೊರಕ್ಕೆ ತೆರೆದುಕೊಳ್ಳುವ ಬಾಗಿಲನ್ನು ಒಳಕ್ಕೆ ಒದ್ದು ಮುರಿದ ವೀರರು ಅವರು. ಎಳೆದರೆ ಬರುವ ಹಿಡಿಕೆ ಅವರ ಮೊಣಕೈ ಪಕ್ಕದಲ್ಲೇ ಇತ್ತು, ಅದರ ಕಡೆ ತಿರುಗಿಯೂ ನೋಡದ ಅವರ ನಿಸ್ಪೃಹತೆಗೆ ಒಂದು ಪ್ರಶಸ್ತಿ ಕಮ್ಮಿಯಾಯಿತೆಂದೇ ನನ್ನ ಅಭಿಪ್ರಾಯ. ಮುರಿದ ಬಾಗಿಲು ಥರ್ಮಾಕೋಲಿನದೆಂದು ನಾನು ಯಾರಿಗೂ ಹೇಳಿಲ್ಲ. ಆಮೇಲೆ ಅವರು ಒಂದು ಬೆಡ್‌ಶೀಟನ್ನು ಗಾಳಿಗೆ ಬೀಸಿ, ಒಬ್ಬರೇ, ನಿಧಾನಗತಿಯಲ್ಲಿ, ಮೂಲೆಗೆ ಮೂಲೆ ಕೂಡಿಸಿ ಮಡಚುತ್ತಾರೆ. ಹದಿನಾಲ್ಕು ವರ್ಷ ನಾವು ಸುಮ್ಮನೆ ಇಬ್ಬಿಬ್ಬರು ದಂಡವಾದೆವಲ್ಲಾ ಎಂದು ಅವತ್ತು ನಾಚಿಕೆಯಾಯಿತು. ಇನ್ನು ನಮ್ಮ ದೊಡ್ಡಕ್ಕ ತೆರೆಯ ಮೇಲೆ ನಾಯಕರ ತೋಳಿನಲ್ಲಿ ನಾಲ್ಕು ನಿಮಿಷ ಭಾಷಣ ಮಾಡಿ ಸಾಯುತ್ತಾಳೆ. ಪಕ್ಕದ ಸೀಟಿನಲ್ಲಿ ಕೂತು ತನ್ನ ಸಾವು ತಾನೇ ನೋಡಿದ ಅಸಲಿ ದೊಡ್ಡಕ್ಕ ನನ್ನ ಕಿವಿಯಲ್ಲಿ ಅಂದದ್ದು ಇಷ್ಟೇ: “ಸತ್ತಿದ್ದೇನೋ ಸತ್ತೆ, ಯಾರೂ ಒಂದು ಲೋಟ ನೀರು ಕೊಡ್ಲಿಲ್ಲ ನೋಡೇ.”

ಈಗ ನೈಜತೆಯ ವಿಷಯಕ್ಕೆ ಬರುತ್ತೇನೆ. ಸಾಯುವ ಪಾತ್ರದ ನಟಿಯಮ್ಮ ನಿಜವಾದ ಬಿಸಿಕೋಣೆಯೊಳಗೆ ನಿಂತು ಬಾಗಿಲು ಬಡಿಯುವ ದೃಶ್ಯವಿತ್ತು. ಅಕಸ್ಮಾತ್ ಬಾಗಿಲು ಮುಚ್ಚಿಕೊಂಡರೆ ಗತಿಯೇನು ಎಂದು ಅವರ ಕಡೆಯವರು ಹಟ ಹಿಡಿದರು. ಹಿಡಿಯಲೇಬೇಕು, ಆಕೆಯೂ ಒಬ್ಬ ತಾಯಿಯ ಮಗಳು. ಸೆಟ್ಟಿನ ಬಡಗಿ ಬಂದ, ನಾಲ್ಕು ತೂತು ಕೊರೆದ, ನಾಲ್ಕು ಸ್ಕ್ರೂ ತಿರುಗಿಸಿದ, ಬಾಗಿಲ ಒಳಗಡೆ ಹಿತ್ತಾಳೆಯ ಹಿಡಿಕೆ ಕೂರಿಸಿದ. ಕೆಲಸಕ್ಕೆ ಮುಂಚೆ ಅವನು ಪಕ್ಕಕ್ಕಿಟ್ಟ ಚಹಾ ಕೆಲಸ ಮುಗಿದಾಗ ಇನ್ನೂ ಬಿಸಿಯಿತ್ತು. ಎರಡು ವರ್ಷದ ಅಂತೆಕಂತೆ ಒಂದು ಲೋಟ ಚಹಾ ಆರುವಷ್ಟರಲ್ಲಿ ಮುಗಿದುಹೋಯಿತು, ಮಾನ್ಯರೇ.

ಹನ್ನೊಂದು ದಿನ ಚಿತ್ರೀಕರಣ ನಡೆಯಿತು. ಆ ಹನ್ನೊಂದು ದಿನ ನಾವು ಬಿಸಿಕೋಣೆಗೆ ಅಡುಗೆಮನೆಗೆ ಹೋದಷ್ಟು ಸಲೀಸಾಗಿ ಹೋಗಿಬಂದೆವು. ಒಂದು ದಿನ ದೊಡ್ಡಕ್ಕ ಏನೂ ಕೆಲಸವಿಲ್ಲದೆ ಒಳಗೆ ಹೋಗಿ, ಬಾಗಿಲು ಎಳೆದುಕೊಂಡು, ತಾನೇ ತೆಗೆದುಕೊಂಡು ಬಂದಳು. ಮತ್ತೆ ಹೋದಳು, ಮತ್ತೆ ಬಂದಳು. ನಾವು ನೋಡುತ್ತಿದ್ದೇವೆಂದು ಗೊತ್ತಾದ ಮೇಲೆ “ಹಿಡಿಕೆ ಸ್ವಲ್ಪ ಬಿಗಿ ಇದೆ” ಎಂದು ಮುಖ ತಿರುಗಿಸಿದಳು. ಹನ್ನೆರಡನೇ ದಿನ ಲೈಟು ಕಟ್ಟಿದರು, ಟ್ರಾಲಿ ಕಟ್ಟಿದರು, ಹಿಡಿಕೆಯನ್ನೂ ಬಿಚ್ಚಿ ಕಟ್ಟಿಕೊಂಡರು. ಬೇಡಿಕೊಂಡರೆ ಬಡಗಿ ತಲೆ ತಗ್ಗಿಸಿ, “ಸಾಮಾನಿನ ಪಟ್ಟಿಯಲ್ಲಿ ಬರೆದಿದ್ದಾರೆ ಅಕ್ಕ, ನಾನೇನ್ ಮಾಡ್ಲಿ?” ಅಂದ. ಉಳಿದದ್ದು ನಾಲ್ಕು ತೂತು. ಈಗ ಒಳಗೆ ಹೋಗುವವರು ಬಾಗಿಲಿಗೆ ಬಟ್ಟೆ ಸುತ್ತಿದ ಒಂದು ಇಟ್ಟಿಗೆಯನ್ನು ಅಡ್ಡ ಇಡುತ್ತೇವೆ. ಇಟ್ಟಿಗೆ ಸರಿಯಬಾರದೆಂಬುದೇ ನಮ್ಮ ಸುರಕ್ಷತಾ ವ್ಯವಸ್ಥೆ.

ಆ ಹಿಡಿಕೆ ಚಿತ್ರದಲ್ಲೂ ಇದೆ. ಮೂರನೇ ಸಲ ನೋಡುವಾಗ ಕಣ್ಣಿಗೆ ಬಿತ್ತು. ನಟಿಯಮ್ಮ ಬಾಗಿಲು ಬಡಿದು “ಯಾರಾದ್ರೂ ತೆಗೀರೋ” ಎಂದು ಎದೆ ಬಿರಿಯುವಂತೆ ಕೂಗುವಾಗ, ಮರೆಮಾಡಲು ನೇತುಹಾಕಿದ್ದ ಟವೆಲು ಒಂದು ಕ್ಷಣ ಸರಿದು, ಎಡಗಡೆ ಹಿತ್ತಾಳೆ ಫಳಫಳ ಹೊಳೆಯುತ್ತದೆ. ಇಡೀ ಚಿತ್ರಮಂದಿರ ಮೂಗು ಒರೆಸಿಕೊಳ್ಳುತ್ತಿದ್ದಾಗ ದೊಡ್ಡಕ್ಕ ಎದ್ದು ನಿಂತು, “ಪಕ್ಕದಲ್ಲೇ ಇದೆಯಲ್ಲಮ್ಮಾ, ತಿರುಗ್ಸು!” ಎಂದು ಕಿರುಚಿದಳು. ನಮ್ಮ ಸಾಲು ನಕ್ಕು ನಕ್ಕು ಉರುಳಿತು. ಹಿಂದಿನ ಸಾಲಿನ ಯಜಮಾನರೊಬ್ಬರು, “ರೀ, ಕೂತ್ಕೊಳ್ರೀ, ಬಡವರ ಕಷ್ಟ ನಿಮಗೇನು ಗೊತ್ತು?” ಎಂದು ಗದರಿಸಿದರು. ತಮ್ಮ ಸಮಿತಿಯ ಒಂಬತ್ತು ಜೋಡಿ ಕಣ್ಣಿಗೆ ಆ ಹಿಡಿಕೆ ಬೀಳಲಿಲ್ಲವೆಂದರೆ ತಾವೂ ಅಳುತ್ತಿದ್ದಿರಬೇಕು. ತಮ್ಮ ಹೃದಯವಂತಿಕೆಗೆ ಶರಣು.

ಇಷ್ಟಾದರೂ ಸುಮ್ಮನಿರುತ್ತಿದ್ದೆ. ಆದರೆ ಪ್ರಶಸ್ತಿ ಬಂದಾಗಿನಿಂದ ನಮ್ಮ ಬಾಯಿಗೇ ಬೀಗ ಬಿದ್ದಿದೆ. ತನ್ನನ್ನು ನೋಡಿಯೇ ಖಳನಾಯಕನ ಪಾತ್ರ ಬರೆದರೆಂದು ಹಿಗ್ಗಿ ಹೀರೇಕಾಯಿಯಾಗಿರುವ ಮ್ಯಾನೇಜರು, ಗೋಡೆಯ ಮೇಲಿದ್ದ ನಮ್ಮ ಒಪ್ಪಂದದ ಪ್ರತಿಯನ್ನು ಇಳಿಸಿ ಅದೇ ಮೊಳೆಗೆ ಚಿತ್ರದ ಪೋಸ್ಟರು ತೂಗುಹಾಕಿದ್ದಾರೆ. ಕಾರ್ಖಾನೆ ತಪಾಸಣೆಗೆ ಬಂದ ಅಧಿಕಾರಿಗೆ ನಾಲ್ಕು ತೂತು ತೋರಿಸಿದರೆ, “ಇನ್ನೂ ಆ ಬಾಗಿಲಿನ ವಿಷಯಾನಾ? ಅದು ಸಿನಿಮಾದಲ್ಲಿ ಮುಗೀತಲ್ಲಮ್ಮ!” ಎಂದು ಅವರು ನಮಗೇ ಅಭಿನಂದನೆ ಹೇಳಿ ಹೋದರು. ನನ್ನ ಮಾತು ಒರಟೆನಿಸಿದರೆ ಕ್ಷಮಿಸಿ. ಬಾಗಿಲು ಮುರಿಯುವುದನ್ನು ನೋಡಿ ಜನ ಚಪ್ಪಾಳೆ ತಟ್ಟಿದ್ದು ತಪ್ಪಲ್ಲ, ಎಲ್ಲರ ಬದುಕಿನಲ್ಲೂ ಒದೆಯಬೇಕಾದ ಬಾಗಿಲು ಒಂದಾದರೂ ಇರುತ್ತದೆ. ಆ ಸಿಟ್ಟನ್ನು ಕತ್ತಲಲ್ಲಿ ಕೂರಿಸಿ, ಚಪ್ಪಾಳೆಯಲ್ಲಿ ಕರಗಿಸಿ, ಖಾಲಿ ಕೈಯಲ್ಲಿ ಮನೆಗೆ ಕಳಿಸಿ, ಅದಕ್ಕೆ ‘ನೈಜ’ ಎಂದು ಠಸ್ಸೆ ಹೊಡೆಯುತ್ತೀರಲ್ಲ, ಅದು ತಪ್ಪು. ಚಿತ್ರ ಒಳ್ಳೆಯದು. ಪ್ರಶಸ್ತಿ ಸುಳ್ಳು.

ಆದಕಾರಣ ತಮ್ಮಲ್ಲಿ ಸವಿನಯ ಬಿನ್ನಹ. ಸಾಧ್ಯವಾದರೆ ಸಮಿತಿಯ ಒಂಬತ್ತೂ ಸದಸ್ಯರು ಒಂದು ಮಧ್ಯಾಹ್ನ ನಮ್ಮ ಬಿಸಿಕೋಣೆಯೊಳಗೆ ಕೂತು ನೈಜತೆಯನ್ನು ಮರುಪರಿಶೀಲಿಸಬೇಕು. ಹೊರಗೆ ನಿಂತು ಚಪ್ಪಾಳೆ ತಟ್ಟುವ ಜವಾಬ್ದಾರಿ ನಮ್ಮದು. ಅಷ್ಟು ಬಿಡುವಿಲ್ಲದಿದ್ದರೆ, ಏಳನೆಯ ಪ್ರಶಸ್ತಿಯ ಪ್ರತಿಮೆಯನ್ನು ನಮಗೆ ಕಳಿಸಿದರೂ ಆದೀತು. ಪೀಠ ಅಗಲವಾಗಿದೆ, ತೂಕವೂ ಇದೆಯಂತೆ, ನಮ್ಮ ಇಟ್ಟಿಗೆಯ ಒಂದು ಮೂಲೆ ಈಗಾಗಲೇ ಉದುರಿದೆ. ಅಥವಾ ಎರಡನೇ ಭಾಗ ತೆಗೆಯಲು ನಿರ್ದೇಶಕರಿಗೆ ಹೇಳಿ: ನಾಯಕರು ಸ್ಕ್ರೂಡ್ರೈವರ್ ಹಿಡಿದು ಬರಲಿ, ಎರಡನೇ ಸ್ಕ್ರೂಗೆ ಮಧ್ಯಂತರ, ನಾಲ್ಕನೆಯದಕ್ಕೆ ಶುಭಂ. ನಾನು ಹತ್ತು ಸಲ ನೋಡುತ್ತೇನೆ, ಸೀಟಿ ಹೊಡೆಯಲು ನಮ್ಮತ್ತೆಗೂ ಕಲಿಸುತ್ತೇನೆ. ಇದ್ಯಾವುದೂ ಆಗದಿದ್ದರೆ, ಆ ಸಾಮಾನಿನ ಪಟ್ಟಿಯಲ್ಲಿ ಹುಡುಕಿಸಿ ಹಿತ್ತಾಳೆಯ ಹಿಡಿಕೆಯನ್ನಾದರೂ ಹಿಂತಿರುಗಿಸಿ. ತೂತುಗಳು ಸಿದ್ಧವಾಗಿವೆ.

ಇಂತಿ, ಬೆಡ್‌ಶೀಟಿನ ಈ ತುದಿ ಹಿಡಿದು ಕಾದಿರುವ
ತಮ್ಮ ವಿಶ್ವಾಸಿ,
ಮಡಚುವ ವಿಭಾಗದ ಪರವಾಗಿ

ಮರೆತ ಮಾತು: ಶನಿವಾರದ ಸಮಾರಂಭದ ಮೇಜುಗಳಿಗೆ ಹಾಸುವ ಇನ್ನೂರು ಬಿಳಿ ಬಟ್ಟೆಗಳನ್ನು ದೊಡ್ಡ ಹೋಟೆಲಿನವರು ಎಂದಿನಂತೆ ನಮ್ಮಲ್ಲಿಗೇ ಕಳಿಸಿದ್ದಾರೆ. ಒಗೆದಾಗಿದೆ, ಒಣಗಿದೆ, ಈ ಹೊತ್ತಿಗೆ ರಾಶಿ ಕಿಟಕಿಯ ಅರ್ಧಕ್ಕೆ ಬಂದಿದೆ. ಇವತ್ತು ಬೆಳಗ್ಗೆಯಿಂದ ನಾವು ಇಪ್ಪತ್ತಾರು ಜನ ಮತ್ತೆ ಕೈಕಟ್ಟಿ ನಿಂತಿದ್ದೇವೆ. ಗಾಬರಿಯಾಗಬೇಡಿ, ನಾಯಕರಿಗೆ ಹೇಳಿ ಕಳಿಸಿ. ಅವರು ಒಬ್ಬರೇ ಮಡಚುತ್ತಾರಲ್ಲ.